ಅಪ್ಪ ಜಗಲಿಯಲ್ಲಿ ಕುಡಿದ ಕಾಫಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಯಾರೂ ಊಟಕ್ಕೆ ಬರುತ್ತಿರಲಿಲ್ಲ. ನಾವೂ ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಅಪ್ಪ ಜಡ್ಜ್ ಆಗಿದ್ದರು. ಯಾರ ಮನೆಯಲ್ಲಿ ಇವತ್ತು ಅನ್ನ ತಿಂದೆವೋ ಅವರೇ ನಾಳೆ ಕಟಕಟೆಗೆ ಬಂದು ನಿಂತರೆ ಆ ಅನ್ನ ಹೊಟ್ಟೆಯಲ್ಲಿ ಮಾತಾಡುತ್ತದೆ ಎನ್ನುತ್ತಿದ್ದರು. ಯಾರೋ ಗೇಟಿನ ಹತ್ತಿರ ಇಟ್ಟುಹೋದ ಮಾವಿನಹಣ್ಣಿನ ಬುಟ್ಟಿಯನ್ನು ಜವಾನ ಹೊತ್ತುಕೊಂಡು ಹೋಗಿ ವಾಪಸು ಕೊಟ್ಟು ಬರುವಾಗ, ನಾನು ಕಿಟಕಿಯಲ್ಲಿ ನಿಂತು ಆ ವಾಸನೆಯನ್ನಾದರೂ ಎಳೆದುಕೊಳ್ಳುತ್ತಿದ್ದೆ. ಒಮ್ಮೆ ಅಕ್ಕನಿಗೆ ಅವಳ ಗೆಳತಿ ಒಂದು ಮೊಳ ಮಲ್ಲಿಗೆ ಮುಡಿಸಿದ್ದಳು. ಗೆಳತಿಯ ತಂದೆ ವಕೀಲರು. ಅಮ್ಮ ಬಾಗಿಲಲ್ಲೇ ಅಕ್ಕನ ಜಡೆಯಿಂದ ಹೂವು ಬಿಚ್ಚಿ ತುಳಸಿಗೆ ಹಾಕಿದರು. ದೇವರ ಪಾಲಿಗಾದರೂ ಬಂತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಅಕ್ಕ ಮಾಡಿಕೊಳ್ಳಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ ಮಕ್ಕಳೇ, ಮೊನ್ನೆ ಈ ಹಿಮದ ದೇಶದಲ್ಲಿ, ಉಪ್ಸಾಲಾದ ಈ ಮನೆಗೆ ನಿಮ್ಮಲ್ಲೇ ಕಿರಿಯವಳಾದ ನನ್ನ ಮೊಮ್ಮಗಳು ಬೂಟು ಕೂಡ ಬಿಚ್ಚದೆ ಅಳುತ್ತಾ ಬಂದಳು. ಎದುರು ಸಾಲಿನ ಗೆಳತಿಯ ಮನೆಗೆ ಆಡಲು ಹೋಗಿದ್ದಳು. ಊಟದ ಹೊತ್ತಾದಾಗ ಗೆಳತಿಯನ್ನು ಅವಳಮ್ಮ ಕರೆದರು. ಇವಳನ್ನು ಕರೆಯಲಿಲ್ಲ.

"ಅವರೆಲ್ಲ ತಿಂದ್ರು ಅಜ್ಜಿ, ನಾನು ರೂಮಲ್ಲಿ ವೆಯ್ಟ್ ಮಾಡ್ತಾ ಇದ್ದೆ. ಅವಳು ನನ್ನ ಬೆಸ್ಟ್ ಫ್ರೆಂಡ್ ಅಂತ ಸುಳ್ಳೇ ಹೇಳಿದ್ದು. ಇನ್ನು ಮಾತೇ ಆಡಲ್ಲ."

ಅವಳ ಮುಖದಲ್ಲಿ ನನಗೆ ಅಪ್ಪನ ಮುಖ ಕಂಡಿತು. ಒಂದು ಭಾನುವಾರ ಹೊಳೆಯ ದಡದಲ್ಲಿ ಅಪ್ಪನ ಮುಖವೂ ಹೀಗೇ ಆಗಿತ್ತು.

ಅಪ್ಪ ಜಡ್ಜ್ ಆಗುವ ಮೊದಲು ವಿಮಾನ ಹಾರಿಸುತ್ತಿದ್ದರು. ದೊಡ್ಡ ಯುದ್ಧದಲ್ಲಿ ಬರ್ಮಾದ ಕಾಡುಗಳ ಮೇಲೆ ಹಾರಿದ್ದರಂತೆ. ಆ ವಿಚಾರ ಮನೆಯಲ್ಲಿ ಹೆಚ್ಚು ಹೇಳುತ್ತಿರಲಿಲ್ಲ. ಮೇಲಿನಿಂದ ನೋಡಿದ ಕಾಡನ್ನು ಕೆಳಗಿನಿಂದಲೂ ನೋಡಿ ಮುಗಿಸಬೇಕು ಎನ್ನುವವರ ಹಾಗೆ ಭಾನುವಾರಗಳನ್ನೆಲ್ಲ ಕಾಡಿಗೂ ಹೊಳೆಗೂ ಕೊಟ್ಟಿದ್ದರು. ಕಾವೇರಿಯ ದಡದಲ್ಲಿ ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಎತ್ತಿ ಹಿಡಿದು, ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡಿಯೇ ಗಾಳ ಬೀಸುತ್ತಿದ್ದರು.

ಊರಿನವರಿಂದೆಲ್ಲ ದೂರವಿದ್ದ ಅಪ್ಪನಿಗೆ ಒಬ್ಬನೇ ಒಬ್ಬ ಸ್ನೇಹಿತನಿದ್ದ. ಯುದ್ಧದಲ್ಲಿ ಅವರ ವಿಮಾನ ರಿಪೇರಿ ಮಾಡುತ್ತಿದ್ದವನು. ಈಗ ನಮ್ಮ ಊರಿನಲ್ಲೇ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ. ಅಪ್ಪ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ನಮಗೆ ಅವನು ಮೇಸ್ತ್ರಿ ಮಾಮ. ಅವನ ಬಲಗೈ ಮೊಣಕೈಯವರೆಗೂ ಸುಕ್ಕುಗಟ್ಟಿ, ಕೆನೆ ಕಟ್ಟಿದ ಹಾಲಿನ ಹಾಗಿತ್ತು. ಇದೇನು ಮಾಮ ಎಂದರೆ, "ಮೊಸಳೆ ನೆಕ್ತು ಮಗ. ಉಪ್ಪು ಸಾಲ್ದು ಅಂತ ಬಿಟ್ಟೋಯ್ತು" ಎನ್ನುತ್ತಿದ್ದ. ನಾನು ಅದನ್ನು ಪೂರ್ತಿ ನಂಬಿದ್ದೆ.

ಆ ಭಾನುವಾರ ಅಪ್ಪ ನನಗೆ ಗಾಳ ಹಿಡಿಯಲು ಕೊಡುತ್ತೇನೆ ಎಂದಿದ್ದರು. ಖುಷಿಗೆ ನಾನು ಬೆಳಗ್ಗೆ ದೇವರಿಗೆ ಎರಡು ಸಲ ದೀಪ ಹಚ್ಚಿದೆ. ಹೊಳೆ ಇನ್ನೂ ತಣ್ಣಗಿತ್ತು. ಬಂಡೆಯ ಮೇಲೆ ನೀರುಹಕ್ಕಿಗಳ ಹಿಕ್ಕೆ, ಒದ್ದೆ ಮರಳಿನ ವಾಸನೆ. ಮಾಮ ರಾಗಿಮುದ್ದೆಯನ್ನು ನಿಂಬೆಗಾತ್ರದ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸುತ್ತಿದ್ದ. ಬಿಳಿಮೀನಿಗೆ ರಾಗಿ ಎಂದರೆ ಪ್ರಾಣ.

ಅಲ್ಲಿಯೂ ಅಪ್ಪನ ಬುತ್ತಿ ಅಪ್ಪನಿಗೆ, ಮಾಮನ ಬುತ್ತಿ ಮಾಮನಿಗೆ. ಪ್ರತಿ ವಾರವೂ ಮಾಮ ರೊಟ್ಟಿ ಮುರಿದು ಕೇಳುತ್ತಿದ್ದ, "ನನ್ನ ಹುಚ್ಚೆಳ್ಳು ಚಟ್ನಿ ತಿಂದ್ರೆ ನಿಮ್ಮ ಕೋರ್ಟು ಬಿದ್ದೋಯ್ತದಾ ಸಾಹೇಬ್ರೇ?"

"ಕೋರ್ಟಿಗಲ್ಲ ಕಣೋ ಮೇಸ್ತ್ರಿ, ಹೊಟ್ಟೆಗೆ ಹೆದರಿದ್ದೀನಿ" ಎಂದು ಅಪ್ಪ ನಗುತ್ತಿದ್ದರು. ಅಪ್ಪ ಆ ಕಡೆ ತಿರುಗಿದಾಗ ಮಾಮ ನನ್ನ ಅಂಗೈಗೆ ಒಂದು ಚೂರು ಚಟ್ನಿ ಹಾಕುತ್ತಿದ್ದ.

ಆ ದಿನ ಮಾಮ ಆ ಮಾತು ಕೇಳಲಿಲ್ಲ. ಬುತ್ತಿಯನ್ನೂ ಬಿಚ್ಚಲಿಲ್ಲ. ಗಾಳ ನನ್ನ ಕೈಯಲ್ಲಿತ್ತು. ಅಪ್ಪ ಹಿಂದಿನಿಂದ ನನ್ನ ಭುಜ ಹಿಡಿದಿದ್ದರು. ದಾರ ಒಮ್ಮೆ ನಡುಗಿತು, ಆಮೇಲೆ ಯಾರೋ ಕೈಹಿಡಿದು ಎಳೆದ ಹಾಗೆ ಜಗ್ಗಿತು. ಅದೇ ಹೊತ್ತಿಗೆ ಮಾಮ ಬಾಯಿಬಿಟ್ಟ.

"ಸಾಹೇಬ್ರೇ, ಅಕ್ಕಿ ಗಿರಣಿ ಕಳ್ತನದ ಕೇಸು ನಿಮ್ಮ ಮುಂದೈತಲ್ಲ, ಒಳಗವ್ನಲ್ಲ ಆ ಹುಡುಗ... ಅವ್ನು ನನ್ನ ತಮ್ಮ."

"ಮೇಸ್ತ್ರಿ, ಬೇಡ."

"ಒಂದೇ ಮಾತು..."

"ಬೇಡ ಅಂದೆ."

ಮಾಮ ಸುಮ್ಮನಾಗಲಿಲ್ಲ. ಅಂಗಿಯ ತೋಳು ಮೇಲೆತ್ತಿ ಆ ಕೈಯನ್ನು ಅಪ್ಪನ ಮುಂದೆ ಹಿಡಿದ. "ಉರೀತಿದ್ದ ವಿಮಾನದೊಳಗಿಂದ ನಿಮ್ಮನ್ನ ಎಳೀವಾಗ ನಾನು ಯಾವ್ದಾದ್ರೂ ಕಾನೂನು ಕೇಳಿದ್ನಾ ಸಾಹೇಬ್ರೇ?"

ಮೊಸಳೆ ನೆಕ್ಕಿರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಹಾಗೆ.

ನನ್ನ ಭುಜದ ಮೇಲಿದ್ದ ಅಪ್ಪನ ಕೈ ಕಲ್ಲಿನ ಹಾಗಾಯಿತು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಆ ಬೆಂಕಿಯ ಮಾತನ್ನು ಒಮ್ಮೆಯೂ ಆಡಿರಲಿಲ್ಲವಂತೆ. ಆಡದೆ ಇದ್ದದ್ದರ ಮೇಲೇ ಅವರ ಸ್ನೇಹ ನಿಂತಿತ್ತು. ಅಪ್ಪ ಕೇಳಿದರು, "ಇದಕ್ಕೇನೋ ಇಷ್ಟು ದಿನ ನನ್ನ ಜೊತೆ ಮೀನು ಹಿಡಿದಿದ್ದು?"

ಮಾಮನ ಮುಖ ಹೊಡೆಸಿಕೊಂಡವನ ಹಾಗಾಯಿತು. "ನನ್ನ ಹಂಗೆ ತಿಳ್ಕೊಂಡ್ಬುಟ್ರಾ?" ಎಂದ. ಅಷ್ಟೇ. ಬುತ್ತಿ ಎತ್ತಿಕೊಂಡು ಮರಳಿನ ಮೇಲೆ ನಡೆದುಬಿಟ್ಟ. ತಿರುಗಿ ನೋಡಲಿಲ್ಲ.

ದಾರ ಇನ್ನೂ ಜಗ್ಗುತ್ತಿತ್ತು. ಅಪ್ಪ ಚೂರಿ ತೆಗೆದು ಅದನ್ನು ಕತ್ತರಿಸಿದರು. ನಾನು ಮೀನು ಹೋಯಿತೆಂದು ಅತ್ತೆ. ಮಾಮ ಹೋದನೆಂದು ಅಳುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ. ಮನೆಗೆ ಬಂದಾಗ ಅಮ್ಮ ಏನೂ ಕೇಳದೆ ಬಿಸಿ ಸಾರು ಬಡಿಸಿದರು. ಆ ದಿನ ದೇವರು ಕೊಟ್ಟ ಒಳ್ಳೆಯದನ್ನು ಎಣಿಸಲು ಕೂತರೆ ನನಗೆ ಸಿಗುವುದು ಆ ಸಾರು, ಮತ್ತೆ ಬದುಕಿಕೊಂಡ ಆ ಮೀನು.

ಮಾರನೆಯ ದಿನವೇ ಅಪ್ಪ, ಹುಡುಗ ಸ್ನೇಹಿತನ ತಮ್ಮನಾದ್ದರಿಂದ ಆ ಕೇಸನ್ನು ತಾವು ನೋಡುವ ಹಾಗಿಲ್ಲ ಎಂದು ಮೇಲಿನವರಿಗೆ ತಿಳಿಸಿದರು. ಅದು ಬೇರೆ ಕೋರ್ಟಿಗೆ ಹೋಯಿತು. ಅಲ್ಲಿ ವಿಚಾರಣೆ ಮುಗಿದು ಹುಡುಗ ಬಿಡುಗಡೆಯಾಗುವಷ್ಟರಲ್ಲಿ ಇಡೀ ಮಳೆಗಾಲ ಜೈಲಿನಲ್ಲೇ ಕಳೆದಿತ್ತು. ನನ್ನ ಮದುವೆಯಾದ ಮೇಲೆ ಒಂದು ದಿನ ಅಪ್ಪ ತಾವಾಗಿಯೇ ಹೇಳಿದರು, "ಅವನ ತಮ್ಮ ಕಳ್ಳ ಅಲ್ಲ ಕಣಮ್ಮ. ಸಾಕ್ಷಿ ನಿಲ್ಲುತ್ತಿರಲಿಲ್ಲ. ಆ ವಾರವೇ ಬಿಡಬೇಕು ಅಂತ ತೀರ್ಪು ಬರೆದಿಟ್ಟಿದ್ದೆ. ಮೇಸ್ತ್ರಿ ಬಾಯಿಬಿಡದೆ ಇದ್ದಿದ್ದರೆ ಸಾಕಿತ್ತು."

"ಅದನ್ನು ಅವನಿಗೆ ಹೇಳಿದಿರಾ ಅಪ್ಪ?"

"ಹೇಳಲಿಲ್ಲ. ನನ್ನನ್ನು ಅಷ್ಟೂ ನಂಬಲಿಲ್ಲವಲ್ಲ ಅವನು."

ಪೆನ್ಷನ್ ಆದ ಮರುದಿನ ಅಪ್ಪ ಕೋಲು ಹಿಡಿದು ಮೇಸ್ತ್ರಿ ಮಾಮನ ಮನೆಗೆ ನಡೆದುಕೊಂಡು ಹೋದರು. ಜೊತೆಗೆ ನಾನಿದ್ದೆ. ಇನ್ನು ಅವರು ಜಡ್ಜ್ ಅಲ್ಲ, ಯಾರ ಮನೆಯ ಅನ್ನ ಬೇಕಾದರೂ ತಿನ್ನಬಹುದು. ಜಗಲಿಯಲ್ಲಿ ಕೂತೆವು. ಒಳಗೆ ಮಾಮ ಕೆಮ್ಮಿದ್ದು ಕೇಳಿಸಿತು. ಹೊರಗೆ ಬಂದದ್ದು ಅವನ ಹೆಂಡತಿ, ಕೈಯಲ್ಲಿ ಎರಡು ಲೋಟ ಕಾಫಿ. "ಅವ್ರಿಗೆ ಮೈ ಸರಿಯಿಲ್ಲ ಸ್ವಾಮಿ" ಎಂದು ನೆಲ ನೋಡಿಕೊಂಡು ಹೇಳಿದಳು. ಅಪ್ಪ ಆ ಕಾಫಿಯನ್ನು ತಳದ ಬೆಲ್ಲದವರೆಗೂ ನಿಧಾನವಾಗಿ ಕುಡಿದರು. ಲೋಟ ತಾವೇ ತೊಳೆದು ಬೋರಲು ಹಾಕಿದರು. ಮುಚ್ಚಿದ ಬಾಗಿಲಿನ ಕಡೆ ತಿರುಗಿ ಸ್ವಲ್ಪ ಜೋರಾಗಿ ಹೇಳಿದರು, "ಕಾಫಿ ಚೆನ್ನಾಗಿತ್ತು ಮೇಸ್ತ್ರಿ."

ಒಳಗಿನ ಕೆಮ್ಮು ನಿಂತಿತು. ಬಾಗಿಲು ತೆರೆಯಲಿಲ್ಲ. ಅಪ್ಪ ಎಷ್ಟೋ ಹೊತ್ತು ಕಾದರು. ಅವನು ನನಗೆ ಮೋಸ ಮಾಡಿದ ಎಂದು ಇಬ್ಬರೂ ಅಂದುಕೊಂಡೇ ತೀರಿಹೋದರು ಮಕ್ಕಳೇ. ಇಬ್ಬರಲ್ಲಿ ಯಾರೂ ಮೋಸಗಾರರಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಆದರೆ ಹೇಳೋಣವೆಂದರೆ ಕೇಳುವುದಕ್ಕೆ ಅವರಿಲ್ಲ.

ನಿಮ್ಮ ಲೋಕವೇ ಬೇರೆ. ಇಲ್ಲಿ ಹೊಳೆ ಗಟ್ಟಿಯಾಗುತ್ತದೆ. ಹಿಮದಲ್ಲಿ ನೀವು ಸೈಕಲ್ ತುಳಿಯುತ್ತೀರಿ. ಜಡ್ಜ್ ಎಂದರೆ ನೀವು ಹೆದರುವುದಿಲ್ಲ. ಆದರೂ ಮೊನ್ನೆ ನಿಮ್ಮಮ್ಮ ಹೇಳಿದ್ದು ಕೇಳಿ ನನಗೆ ಅಪ್ಪನೇ ಮಾತಾಡಿದ ಹಾಗಾಯಿತು. ಬೇರೆಯವರ ಮಗುವಿಗೆ ಅವರ ಮನೆಯಲ್ಲಿ ಊಟ ಕಾದಿರುತ್ತದೆ, ನಾವು ಬಡಿಸಿ ಅದನ್ನು ಕೆಡಿಸಬಾರದು ಎಂದು ಇಲ್ಲಿಯ ಕೆಲವರು ತಿಳಿದಿರುತ್ತಾರಂತೆ. ಆಡಲು ಬಂದು ನಮ್ಮ ಮನೆಯಿಂದ ಹಸಿದು ಹೋದ ಅಕ್ಕನ ಗೆಳತಿಯರೂ ಹೀಗೇ ಅತ್ತಿರಬೇಕು.

ನಿನ್ನೆ ಆ ಹುಡುಗಿಯ ಅಮ್ಮ ಫೋನ್ ಮಾಡಿದ್ದರು. ಶನಿವಾರ ಮಗಳು ಆಡಲು ಬರಬಹುದೇ, ಊಟದ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೇವೆ ಎಂದರಂತೆ. ಊಟ ಇಲ್ಲೇ ಎಂದು ಹೇಳಿಸಿದ್ದೇನೆ. ದೋಸೆಗೆ ಅಕ್ಕಿ ನೆನೆಹಾಕುತ್ತೇನೆ. ಈ ಚಳಿಯಲ್ಲೂ ಹಿಟ್ಟು ಹುದುಗಿದರೆ ಅದು ದೇವರ ದೊಡ್ಡ ದಯೆ.

"ಬೆಲ್ ಆದ್ರೆ ನೀನೇ ಹೋಗು ಅಜ್ಜಿ, ನಾನು ರೂಮಲ್ಲಿ ಇರ್ತೀನಿ" ಎನ್ನುತ್ತಾಳೆ ನನ್ನ ಮೊಮ್ಮಗಳು.

ಇಲ್ಲ ಪುಟ್ಟ. ದೋಸೆ ನಾನು ಹಾಕುತ್ತೇನೆ. ಬಾಗಿಲು ಮಾತ್ರ ನೀನೇ ತೆಗೆಯಬೇಕು.