ಖಾಲಾ ಬೆಳೆದ ಹಳದಿ ಟೊಮೆಟೊ

ಟೊಮೆಟೊ ಗಿಡದ ಎಲೆ ಮುಟ್ಟಿದರೆ ಬೆರಳಿಗೆ ಒಂದು ಘಾಟು ವಾಸನೆ ಅಂಟಿಕೊಳ್ಳುತ್ತದೆ. ಸೋಪು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ. ಹೋದ ವಾರ ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ಆ ವಾಸನೆ ಕೈಗೆ ಹತ್ತಿತು. ನಿವೃತ್ತನಾದ ಮೇಲೆ ನನ್ನ ಮಗನಿಗೆ ಕುಂಡಗಳ ಹುಚ್ಚು. ಈ ಸಲ ಗೋಲಿ ಗಾತ್ರದ ಚೆರ್ರಿ ಟೊಮೆಟೊ, ಅದರಲ್ಲೂ ಹೈಬ್ರಿಡ್ ತಳಿಗಳನ್ನು ತಂದು ಹಾಕಿದ್ದ. ಕೆಂಪು ಹಣ್ಣು ಗೊಂಚಲು ಗೊಂಚಲಾಗಿ ಬಿಟ್ಟಿತ್ತು, ಆದರೆ ಸಿಪ್ಪೆ ದಪ್ಪ. ಕಂದು ಬಣ್ಣದ್ದಕ್ಕೆ ರುಚಿ ಇತ್ತು, ನೀರು ಸ್ವಲ್ಪ ಹೆಚ್ಚಾದರೆ ಬಿರಿಯುತ್ತಿತ್ತು. ಹಳದಿಯದು ಬಿಟ್ಟದ್ದೇ ಕಡಿಮೆ. ಒಂದೊಂದನ್ನೇ ನನ್ನ ಕೈಗಿಟ್ಟು, "ಮುಂದಿನ ಸಲ ಯಾವುದು ಹಾಕೋಣ ಹೇಳಮ್ಮ" ಎಂದ. ಹಳದಿ ಹಣ್ಣನ್ನು ಬಾಯಿಗೆ ಹಾಕಿಕೊಂಡವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ...

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಶಿರಾಕ್ಕೆ ಬಂದಿದ್ದೆ. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗೋಡೆಯಾಚೆ ಇದ್ದ ಹೆಂಗಸನ್ನು ಬೀದಿಯವರೆಲ್ಲ ಖಾಲಾ ಎನ್ನುತ್ತಿದ್ದರು. ಮುಸಲ್ಮಾನರಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಗಂಡ ತೀರಿಹೋಗಿದ್ದರು. ರವಿಕೆ, ಲಂಗ ಹೊಲಿದು ಒಬ್ಬಳೇ ಮಗಳನ್ನು ಸಾಕಿ, ಪಾವಗಡದ ಕಡೆ ಕೊಟ್ಟಿದ್ದರು.

ಬಚ್ಚಲ ನೀರು ಹರಿದುಹೋಗುವಲ್ಲಿ ಖಾಲಾ ಮೂರು ಬಗೆಯ ಸಣ್ಣ ಟೊಮೆಟೊ ಹಾಕಿದ್ದರು. ಒಂದು ತಾನಾಗಿ ಹುಟ್ಟುವ ನಾಟಿ. ಇನ್ನೊಂದು ಗ್ರಾಮಸೇವಕರು ಹಂಚಿದ್ದ ಸರ್ಕಾರಿ ಬೀಜದ್ದು. ಮೂರನೆಯದು ಹಳದಿ, ಹಿಂದೂಪುರದ ಅವರ ಅಣ್ಣನ ಮನೆಯಿಂದ ಬಂದದ್ದು. ನಮ್ಮ ಅತ್ತೆ ಟೊಮೆಟೊವನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ಕೊಯ್ದರೆ ಮಾಂಸದಂಗೈತೆ, ಒಲೆತಾವ ತರಬ್ಯಾಡ" ಎನ್ನುತ್ತಿದ್ದರು. ಹಾಗಾಗಿ ನಾನು ಗೋಡೆಯ ಹತ್ತಿರ ನಿಂತೇ ತಿನ್ನುತ್ತಿದ್ದೆ.

ಆ ವರ್ಷ ನಾನು ಬಸುರಿಯಾದೆ. ಸ್ವಲ್ಪ ದಿನಕ್ಕೆ ಖಾಲಾನ ಮಗಳೂ ಬಸುರಿಯಾಗಿ ತಾಯಿಮನೆಗೆ ಬಂದಳು. ನನಗೆ ಬಾಯಿಗೆ ಹುಳಿ ಬೇಕೆನಿಸುತ್ತಿತ್ತು, ಅಷ್ಟೇ. ಅವಳಿಗೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕೆನ್ನೆ ಒಳಗೆ ಹೋಗಿ, ಕಣ್ಣುಗಳು ಮಾತ್ರ ದೊಡ್ಡವಾಗಿ ಕಾಣುತ್ತಿದ್ದವು. ಆಸ್ಪತ್ರೆಯ ಔಷಧಿಯೂ ವಾಂತಿಯಾಗುತ್ತಿತ್ತು.

ಖಾಲಾ ಮೂರು ಬಗೆಯನ್ನೂ ಕೊಟ್ಟು ನೋಡಿದರು. ನಾಟಿಯ ಹುಳಿಗೆ ಗಂಟಲು ಉರಿಯಿತು. ಸರ್ಕಾರಿ ಹಣ್ಣಿನ ಸಿಪ್ಪೆ ಬಾಯಿಗೆ ಸಿಕ್ಕಿದ ಕೂಡಲೇ ಓಕರಿಕೆ. ಹಳದಿಯದನ್ನು ಹಿಂಡಿ, ಚೂರು ಉಪ್ಪು ಹಾಕಿ ಕೊಟ್ಟಾಗ ಅವಳು ಸುಮ್ಮನೆ ಗೋಡೆಗೊರಗಿ ಕುಳಿತಳು. ವಾಂತಿಯಾಗಲಿಲ್ಲ. ಖಾಲಾ ಗೋಡೆಯ ಬಳಿ ಓಡಿ ಬಂದು ಪಿಸುಮಾತಿನಲ್ಲಿ ಹೇಳಿದರು: "ನಿಂತ್ಕೊಂತು ಕಣಮ್ಮ. ಹಳದಿದು ನಿಂತ್ಕೊಂತು."

ಅಂದಿನಿಂದ ಇದ್ದ ನೀರೆಲ್ಲ ಹಳದಿ ಗಿಡಗಳಿಗೆ. ಬೇಸಿಗೆಯಲ್ಲಿ ಬಾವಿಯಿಂದ ಹೊತ್ತು ತರಬೇಕಿತ್ತು. ಸರ್ಕಾರಿ ಗಿಡಗಳು ಒಣಗಿದವು. ನಾಟಿಯ ಒಂದು ಗಿಡಕ್ಕೆ ಮಾತ್ರ ದಿನಾ ಒಂದು ಚೊಂಬು ಬೀಳುತ್ತಿತ್ತು. ಯಾಕೆಂದು ಕೇಳಿದೆ. "ಅವಳ್ಗೆ ಹಳದಿ, ನಿಂಗೆ ಹುಳಿ. ನೀನೂ ಬಸುರಿ ಅಲ್ವೇನೇ ಬೇಟಿ?"

ತವರಿನಲ್ಲಿ ನನಗೆ ತಾಯಿ ಇರಲಿಲ್ಲವಾದ್ದರಿಂದ ಅತ್ತೆಮನೆಯಲ್ಲೇ ಹೆರಿಗೆಯಾಗಿ ಗಂಡುಮಗು ಹುಟ್ಟಿತು. ನಾನು ಬಾಣಂತನದ ಕೋಣೆಯಲ್ಲಿದ್ದಾಗಲೇ ಖಾಲಾನ ಮಗಳಿಗೆ ನೋವು ಶುರುವಾಯಿತು. ಹೆಣ್ಣುಮಗು ಹುಟ್ಟಿತು. ಆದರೆ ರಕ್ತ ನಿಲ್ಲಲಿಲ್ಲ. ಜಟಕಾದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ತಿರುಗಿ ಬಂದರು. ಕಿಟಕಿಯಿಂದ ನೋಡುತ್ತಿದ್ದೆ. ಖಾಲಾ ಅಳುತ್ತಿರಲಿಲ್ಲ. ಮಗಳ ಪಾದ ಹೊರಗೆ ಚಾಚಿತ್ತು, ಅದರ ಮೇಲೆ ಸೆರಗು ಎಳೆದು ಮುಚ್ಚುತ್ತಿದ್ದರು. ಗಾಡಿ ಅಲ್ಲಾಡಿ ಸೆರಗು ಜಾರುತ್ತಿತ್ತು, ಮತ್ತೆ ಮುಚ್ಚುತ್ತಿದ್ದರು...

ಕೂಸಿಗೆ ಹಸುವಿನ ಹಾಲನ್ನು ಬತ್ತಿಯಲ್ಲಿ ಅದ್ದಿ ಕೊಟ್ಟರು, ಹಿಡಿಸಲಿಲ್ಲ. ಅದರ ಅಳು ಗೋಡೆ ದಾಟಿ ಬರುತ್ತಿತ್ತು. ಅದು ಅತ್ತಾಗೆಲ್ಲ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಹೋಗಿ ಹಾಲು ಕೊಡಲೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಟೊಮೆಟೊವನ್ನೇ ಒಳಗೆ ಬಿಡದ ಮನೆ ಅದು.

ಮಾರನೆಯ ದಿನ ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ನನ್ನ ಮುಖ ನೋಡಲಿಲ್ಲ.

"ಹಿತ್ತಲ ಬಾಗ್ಲಿಂದ ಹೋಗು. ಬಂದ್ಮ್ಯಾಕೆ ನೀರು ಹಾಕ್ಕೊಂಡು ಒಳಗೆ ಬಾ, ಅಷ್ಟೇಯ."

ಹೋದೆ. ಖಾಲಾ ಕೂಸನ್ನು ನನ್ನ ಮಡಿಲಿಗೆ ಹಾಕಿ ಗೋಡೆಯ ಕಡೆ ತಿರುಗಿ ಕುಳಿತರು. ಅದು ಬಾಯಿ ಹಾಕಿ ಎಳೆದಾಗ ಅವರ ಬೆನ್ನು ಅಲುಗಿತು. ಆಗ ಅವರು ಅತ್ತರು.

ದಿನವೂ ಹೋಗಿ ಬರುತ್ತಿದ್ದೆ. ಸ್ನಾನದ ನೀರನ್ನು ಅತ್ತೆಯೇ ಕಾಯಿಸಿಡುತ್ತಿದ್ದರು. ಕೂಸು ತುಂಬಿಕೊಂಡಿತು, ನನ್ನ ದನಿ ಕೇಳಿದರೆ ಕೈಕಾಲು ಬಡಿಯುತ್ತಿತ್ತು. ಖಾಲಾ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರತೊಡಗಿದರು. ಅಷ್ಟರಲ್ಲಿ ಅಳಿಯ ಬೇರೆ ಮದುವೆಯಾದ. ಅವನ ಕಡೆಯವರು ಬಂದು ಕೂಸನ್ನು ಕೇಳಿದರು.

"ಇನ್ನೂ ಹಾಲು ಬಿಟ್ಟಿಲ್ಲ" ಎಂದು ಖಾಲಾ ಕೈಮುಗಿದರು. "ಒಂದು ವರ್ಷ ತುಂಬ್ಲಿ. ನಾನೇ ತಂದು ಬಿಡ್ತೀನಿ."

"ನಮ್ಮನೆ ಕೂಸು. ನಮ್ಮನೇಲೂ ಹೆಂಗಸ್ರು ಅವ್ರೆ" ಎಂದು ಬಂದವರಲ್ಲಿ ಹಿರಿಯ ಹೇಳಿದ. ಪಾವಗಡದ ಬಸ್ಸಿಗೆ ಹೊತ್ತಾಯಿತೆಂದು ಎತ್ತಿಕೊಂಡು ಹೊರಟೇಬಿಟ್ಟರು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಖಾಲಾ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಹಿಂದೆಂದೂ ಬಂದವರಲ್ಲ. ಹೊಸ್ತಿಲ ಹೊರಗೆ ಕುಳಿತರು. ನಾನು ಮಗನಿಗೆ ಹಾಲು ಕೊಡುತ್ತಿದ್ದೆ.

"ಹೋಯ್ತಂತೆ ಕಣಮ್ಮ. ಭೇದಿ ಆಗಿ ಹೋಯ್ತಂತೆ. ಮಣ್ಣು ಮಾಡಿದ ಮ್ಯಾಲೆ ಹೇಳಿ ಕಳಿಸವ್ರೆ."

ನಾನು ಬೆಚ್ಚಿ ಮಗನನ್ನು ಎದೆಯಿಂದ ಬಿಡಿಸಹೋದೆ. ಖಾಲಾ ಕೈ ಅಡ್ಡ ಮಾಡಿದರು. "ಬ್ಯಾಡ, ಕುಡಿಸು. ಅದ್ನಾದ್ರೂ ಹೊಟ್ಟೆ ತುಂಬ ಕುಡಿಸು."

ಒಳಗಿನಿಂದ ಅತ್ತೆ ಬಂದು ಅವರ ಪಕ್ಕ ನೆಲದ ಮೇಲೆ ಕುಳಿತರು. ಕತ್ತಲಾಗುವವರೆಗೂ ಇಬ್ಬರೂ ಏಳಲಿಲ್ಲ.

ಆ ಮಳೆಗೆ ಖಾಲಾನ ಹಿತ್ತಲಲ್ಲಿ ಹಳದಿ ಗಿಡಗಳು ತಾವಾಗಿಯೇ ಎದ್ದವು. ಅವರು ಕೀಳಲೂ ಇಲ್ಲ, ಹಣ್ಣು ಬಿಡಿಸಲೂ ಇಲ್ಲ. ಮಾಗಿ ಉದುರಿ, ಕೊಳೆತು, ಇರುವೆ ಮುತ್ತಿದವು. ಮುಂದಿನ ವರ್ಷ ಅವರು ಮನೆ ಖಾಲಿ ಮಾಡಿ ಹಿಂದೂಪುರಕ್ಕೆ ಅಣ್ಣನ ಬಳಿ ಹೋದರು. ನಮ್ಮ ಯಜಮಾನರಿಗೂ ಮಧುಗಿರಿಗೆ ವರ್ಗವಾಯಿತು. ಆಮೇಲೆ ಅವರನ್ನು ನೋಡಲಿಲ್ಲ. ಯಾವಾಗ ತೀರಿಕೊಂಡರೋ, ಹೇಳುವವರೂ ಇರಲಿಲ್ಲ...

ಇಷ್ಟನ್ನೂ ಮಗನಿಗೆ ತಾರಸಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದೆ.

"ಹಂಗಾದ್ರೆ ನಂಗೊಬ್ಳು ತಂಗಿ ಇದ್ಳು. ಅವಳ ಹೆಸರೇನಮ್ಮ?"

ಮುನ್ನಿ ಎಂದೆ. ಅದು ಹೆಸರಲ್ಲ, ಎಲ್ಲ ಕೂಸುಗಳನ್ನೂ ಹಾಗೇ ಕರೆಯುತ್ತಾರಲ್ಲ ಎಂದ. ನಿಜ. ಅಪ್ಪನ ಕಡೆಯವರು ಬಂದು ಹೆಸರಿಡಲಿ ಎಂದು ಖಾಲಾ ಕಾದಿದ್ದರು. ಅವರು ಬಂದದ್ದು ಆ ಒಂದೇ ಸಲ. ಅಲ್ಲಿಗೆ ಒಯ್ದ ಮೇಲಾದರೂ ಏನಾದರೂ ಹೆಸರಿಟ್ಟರೋ, ಇಲ್ಲವೋ, ನಮಗೆ ಗೊತ್ತಾಗಲಿಲ್ಲ.