ಪಂಕ್ಚರ್ ಆದ ಸಂಜೆಯ ಸುದ್ದಿ

ಹೂಡಿಯಲ್ಲಿ ನಾನು ಬಾಡಿಗೆಗಿದ್ದ ಬೀದಿಯಲ್ಲಿ ಒಂದು ವರ್ಷ ಗಣೇಶನನ್ನು ಹೊತ್ತ ಟ್ರ್ಯಾಕ್ಟರಿನ ಟ್ರೇಲರ್ ಸರಿಯಾಗಿ ಮಸೀದಿಯ ಮುಂದೆಯೇ ಪಂಕ್ಚರ್ ಆಯಿತು. ಜಾಕು ಕೆಸರಿನಲ್ಲಿ ಹೂತುಹೋಯಿತು. ನಮಾಜ್ ಮುಗಿಸಿ ಬಂದವರೂ ನಾವೂ ಸೇರಿ 'ಐಸಾ' ಎಂದು ಕೂಗುತ್ತಾ ಟ್ರೇಲರ್ ಎತ್ತಿ ಹಿಡಿದೆವು. ಟೈರು ಬದಲಾಯಿತು, ಗಣೇಶ ಕೆರೆಗೆ ಹೋದ.

ಮನೆಗೆ ಬಂದರೆ ಗೇಟಿಗೆ ಒಳಗಿನಿಂದ ಬೀಗ. ಬೀದಿ ಕಡೆಯ ಕಿಟಕಿಯಲ್ಲಿ ಇಣುಕಿದೆ. ಓನರಮ್ಮನೂ ಪಕ್ಕದ ಮನೆಯ ಮುಸ್ಲಿಂ ಅಜ್ಜಿಯೂ ಒಂದೇ ದಿವಾನದ ಮೇಲೆ ಅಂಟಿಕೊಂಡು ಕೂತು ಟೀವಿ ನೋಡುತ್ತಿದ್ದರು. ಯಾರೋ ಮೊಬೈಲಿನಲ್ಲಿ ತೆಗೆದಿದ್ದ ನಮ್ಮದೇ ಗುಂಪು! 'ಐಸಾ' ಕೂಗನ್ನು ತೆಗೆದುಹಾಕಿ ಢಂ ಢಂ ಸಂಗೀತ ಹಾಕಿದ್ದರು. ಕೆಳಗೆ 'ಹೂಡಿ ಉದ್ವಿಗ್ನ'. ಸಾಲದ್ದಕ್ಕೆ ನನ್ನ ತಲೆಯ ಸುತ್ತ ಕೆಂಪು ವೃತ್ತ.

"ಅದು ಪಂಕ್ಚರ್ ಕಣಮ್ಮಾ!" ಎಂದು ಅರಚಿದೆ.

"ಟೀವೀಲಿ ಅಂಗಂತಿಲ್ವಲ್ಲಪ್ಪಾ," ಎಂದರು ಓನರಮ್ಮ. ಆಮೇಲೆ ಅಜ್ಜಿಯ ಕೈ ಹಿಡಿದು, "ನೀವು ಇಲ್ಲೇ ಇರಿ. ಆಚೆ ನಿಮ್ಮೋರು ನಮ್ಮೋರು ಒಡೆದಾಡ್ತವ್ರಂತೆ," ಎಂದರು.

ಅಜ್ಜಿ ಒಮ್ಮೆ ಟೀವಿ, ಒಮ್ಮೆ ನನ್ನ ಮುಖ ನೋಡಿ ಪಿಸುಗುಟ್ಟಿದರು: "ಬೀಗ ತೆಗೀಬೇಡ ಕಣಮ್ಮಾ. ರೌಂಡ್ ಹಾಕಿರೋದು ಇವ್ನಿಗೇ."