ತಿಮ್ಮಪ್ಪನ ಮುಡಿಪು ಮತ್ತು ಬಾಡಿಗೆ ಅರ್ಜಿ

ಅಮೆರಿಕದ ವಿಕ್ಸಮ್ ಊರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿ ನಮ್ಮನೆಯವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿ ನಾಲ್ಕು ತಿಂಗಳಾಗಿತ್ತು. ಅಪಾರ್ಟ್‌ಮೆಂಟಿನ ಬಾಗಿಲಿಗೆ ನೋಟಿಸ್ ಅಂಟಿಸಿದ್ದರು. ಏಳು ದಿನದಲ್ಲಿ ಬಾಡಿಗೆ ಕಟ್ಟಬೇಕು, ಇಲ್ಲದಿದ್ದರೆ ಕೋರ್ಟು. ಚಳಿಯಲ್ಲೂ ಟೇಪು ಗಟ್ಟಿಯಾಗಿ ಹಿಡಿದಿತ್ತು.

ಬಾಡಿಗೆಗೆ ಸಹಾಯ ಮಾಡುವ ಆಫೀಸಿಗೆ ಇಬ್ಬರೂ ಹೋದೆವು. ಮೇಜಿನ ಆಚೆ ಕೂತಿದ್ದ ಹೆಂಗಸು ನಮ್ಮತ್ತೆ ವಯಸ್ಸಿನವರು. ಲೆಕ್ಕ ಸರಳವಾಗಿ ಹೇಳಿದರು: ನಿರುದ್ಯೋಗ ಭತ್ಯೆಯಲ್ಲಿ ಮೂರನೇ ಒಂದು ಪಾಲು ನೀವು ಕಟ್ಟಿ, ಬಾಡಿಗೆಯ ಉಳಿದದ್ದು ನಮ್ಮದು. ಮನೆಯಲ್ಲಿ ನಗದು ಐನೂರು ಡಾಲರ್ ತನಕ ಇರಬಹುದು, ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿದ್ದಷ್ಟನ್ನೂ ಸಹಾಯದಲ್ಲಿ ಕಳೆಯುತ್ತೇವೆ. ಬಾಡಿಗೆಯಲ್ಲಿ ಓನರ್ ಸಿಟಿಗೆ ಕಟ್ಟುವ ಮನೆ ತೆರಿಗೆಯ ಪಾಲೂ ಸೇರಿರುತ್ತೆ, ಅದರಲ್ಲಿ ಒಂದಿಷ್ಟು ವಾಪಸ್ ಕೇಳೋಕೆ ಬೇರೆ ಫಾರಂ ಇದೆ ಅಂತ ಅದನ್ನೂ ಕೊಟ್ಟರು. ಕೇಳದೇ ಕೊಟ್ಟಿದ್ದು.

"ಮನೆಯಲ್ಲಿ ನಗದು ಎಷ್ಟಿದೆ?"

ನಮ್ಮನೆಯವರು "ಇಲ್ಲ" ಅನ್ನುವಷ್ಟರಲ್ಲಿ ನಾನು "ಇದೆ" ಅಂದೆ.

ಮಗಳ ಆಪರೇಷನ್ ಸಮಯದಲ್ಲಿ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದೆ. ಶನಿವಾರ ಶನಿವಾರ ಕೈಗೆ ಸಿಕ್ಕಷ್ಟು ದುಡ್ಡು ಅರಿಶಿನದ ಬಟ್ಟೆಗೆ ಹಾಕಿ ಗಂಟು ಕಟ್ಟಿಡುವುದು. ಅದು ಮುಡಿಪು. ಹುಂಡಿಗೆ ಹಾಕುವ ತನಕ ಎಣಿಸುವ ಹಾಗಿಲ್ಲ ಅಂತ ಆಕೆಗೆ ಬಿಡಿಸಿ ಹೇಳಿದೆ.

"ಎಷ್ಟಿದೆ ಅದರಲ್ಲಿ?"

"ಗೊತ್ತಿಲ್ಲ. ಅದು ದೇವರದು."

"ಅಂಕಿ ಹಾಕದೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ, ಡಿಯರ್."

ನಮ್ಮನೆಯವರು ನಗುಮುಖ ಇಟ್ಟುಕೊಂಡೇ ಕನ್ನಡದಲ್ಲಿ, "ನೂರು ಅಂದುಬಿಡೇ ಮಾರಾಯ್ತಿ" ಅಂದರು.

"ದೇವರ ದುಡ್ಡಿಗೆ ಸುಳ್ಳು ಲೆಕ್ಕ ಹೇಳ್ಲಾ?"

"ಸಾವಿರ ದಾಟಿದ್ರೆ? ದೇವರ ಜೊತೆ ಬೀದೀಲಿ ಕೂತ್ಕೋತೀಯಾ?"

ಸಾವಿರ ದಾಟಿದರೆ ಅನ್ನುವ ಭಯ ನನಗೂ ಇತ್ತು. ಕೆಲಸ ಇದ್ದಾಗ ಧಾರಾಳವಾಗಿಯೇ ಹಾಕಿದ್ದೆ. ಆದರೂ ಎಣಿಸಿಯೇ ಬಿಡೋಣ ಅಂತ ಒಂಬತ್ತು ಮೈಲಿ ವಾಪಸ್ ಹೋಗಿ, ಕೈಕಾಲು ತೊಳೆದು, ಗಂಟು ತಂದೆವು. ಮೇಜಿನ ಮೇಲಿಟ್ಟೆ. ಬಿಚ್ಚೋಕೆ ನನಗೆ ಕೈ ಬರಲಿಲ್ಲ, ನಮ್ಮನೆಯವರಿಗೂ ಬರಲಿಲ್ಲ. ಅಷ್ಟು ಹೊತ್ತು ಬುದ್ಧಿ ಹೇಳಿದವರು ಕಿಟಕಿ ನೋಡುತ್ತಾ ನಿಂತರು.

"ನಾನು ಮುಟ್ಟಬಹುದಾ?" ಅಂತ ಆಕೆ ಕೇಳಿದರು. ಕೇಳಿದವರೇ ಎದ್ದು ಹೋಗಿ, ಕೈ ತೊಳೆದು, ಪೇಪರ್ ಟವೆಲ್‌ನಲ್ಲಿ ಒರೆಸಿಕೊಂಡು ಬಂದರು. ತಮ್ಮ ಚರ್ಚಿನಲ್ಲೂ ಕಾಣಿಕೆ ಎಣಿಸುವುದು ತಾನೇ ಅಂದರು. ಗಂಟು ಬಿಚ್ಚಿ, ಬಾಯಲ್ಲಿ ಎಣಿಸದೆ, ನೋಟನ್ನೆಲ್ಲ ಸಾಲಾಗಿ ಜೋಡಿಸಿದರು. ಬೆರಳೆಲ್ಲ ಹಳದಿಯಾಯಿತು.

ಐನೂರ ಮೂವತ್ತೊಂದು.

ಮೂವತ್ತೊಂದು ಡಾಲರ್ ಕಳೆದು, ಉಳಿದದ್ದಕ್ಕೆ ಅಪಾರ್ಟ್‌ಮೆಂಟಿನ ಹೆಸರಿಗೇ ಚೆಕ್ ಬರೆದರು. ನಮ್ಮ ಪಾಲನ್ನು ಭತ್ಯೆಯಿಂದ ತೆಗೆದಿಟ್ಟಿದ್ದೆವು. ಆ ಮೂವತ್ತೊಂದು ಮಾತ್ರ ಬೇರೆಲ್ಲೂ ಇರಲಿಲ್ಲ. ಗಂಟಿನಿಂದಲೇ ತೆಗೆದೆ. ಉಳಿದದ್ದನ್ನು ಆಕೆಯೇ ಬಟ್ಟೆಯಲ್ಲಿಟ್ಟು, ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಟ್ಟರು.

"ಬಾಡಿಗೇಲಿ ದೇವರೂ ಶೇರ್ ಹಾಕ್ದ" ಅಂದರು ನಮ್ಮನೆಯವರು, ಕಾರು ಸ್ಟಾರ್ಟ್ ಮಾಡುತ್ತಾ.

"ಹಾಕ್ಲಿಲ್ಲ ರೀ, ನಾನು ತಗೊಂಡೆ."

ಐದನೇ ದಿನಕ್ಕೆ ಅಪಾರ್ಟ್‌ಮೆಂಟಿನವರು ನೋಟಿಸ್ ಕಿತ್ತುಹಾಕಿದರು. ಆ ಶನಿವಾರ ದೀಪ ಹಚ್ಚಿ, ಎಷ್ಟು ತಗೊಂಡೆ, ಯಾಕೆ ತಗೊಂಡೆ ಅಂತ ತಿಮ್ಮಪ್ಪನಿಗೆ ಒಪ್ಪಿಸಿದೆ. ಅವನು ಏನೂ ಹೇಳಲಿಲ್ಲ. ಒಪ್ಪಿಗೆ ಅಂತಲೇ ಹಿಡಿದು, ಒಲೆ ಮೇಲೆ ಅನ್ನಕ್ಕಿಟ್ಟೆ.